ಕೆರೆಯ ಕಡೆ ಮುಖ ಮಾಡಿದ ಕುರ್ಚಿಗಳು

ನಮ್ಮ ಮನೆಯ ತಾರಸಿಯ ಮೇಲೆ ಒಂದು ಕಬ್ಬಿಣದ ಮಡಿಸುವ ಕುರ್ಚಿ ಇದೆ. ಅದು ನಮ್ಮದಲ್ಲ. ಗೃಹಪ್ರವೇಶಕ್ಕೆ ಬಾಡಿಗೆಗೆ ತಂದಿದ್ದ ಕುರ್ಚಿಗಳೆಲ್ಲ ಮರುದಿನವೇ ಟೆಂಪೊ ಹತ್ತಿ ಹಿಂದಿರುಗಿದವು. ಇದೊಂದು ನೀರಿನ ಟ್ಯಾಂಕಿನ ಮರೆಯಲ್ಲಿ ಉಳಿದುಕೊಂಡಿತು. ಒರಗುವ ತಗಡಿನ ಹಿಂಬದಿಯಲ್ಲಿ ಹಳದಿ ಬಣ್ಣದಲ್ಲಿ 'ಕೆಂಪಮ್ಮ ಶಾಮಿಯಾನ' ಎಂದು ಬರೆದಿದೆ. ಅದರ ಮಾಲೀಕ ಮುನಿರಾಜು ನನ್ನ ಬಾಲ್ಯದ ಸಹಪಾಠಿ. ಮನೆಗೆ ಬಂದಾಗಲೆಲ್ಲ ನೇರ ತಾರಸಿಗೆ ಹೋಗಿ ಅದೇ ಕುರ್ಚಿಯ ಮೇಲೆ ಕೂತು, "ಇದು ನಮ್ದಲ್ವೇನೋ?" ಅನ್ನುತ್ತಾನೆ.

"ಹೌದು, ತಗೊಂಡ್ಹೋಗು," ಅನ್ನುತ್ತೇನೆ.

"ಇರ್ಲಿ ಬಿಡು. ಇಲ್ಲಿಗೆ ಬಂದಾಗ ಕೂರೋಕೆ ಒಂದು ಬೇಕಲ್ಲ."

ಕುರ್ಚಿ ಯಾರದು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎಲ್ಲಿರಬೇಕು ಎಂಬ ಬಗ್ಗೆಯೂ ಇಲ್ಲ. ಲೋಕದಲ್ಲಿ ಇಷ್ಟು ಸಲೀಸಾಗಿ ಇತ್ಯರ್ಥವಾದ ಆಸ್ತಿ ವಿಚಾರವನ್ನು ನಾನು ಬೇರೆ ಕಂಡಿಲ್ಲ.

ಆ ಕುರ್ಚಿಯಿಂದ ಕೆರೆ ಕಾಣುತ್ತದೆ. ಮೂಡಲಪಾಳ್ಯದಿಂದ ಅನ್ನಪೂರ್ಣೇಶ್ವರಿ ನಗರದ ಕಡೆಗೆ ಹೋಗುವಾಗ ಎಡಕ್ಕೆ ಸಿಗುವ ಕೆರೆ. ದಾಖಲೆಯಲ್ಲಿ ಅದಕ್ಕೊಂದು ಹೆಸರಿದೆ. ನಾವು ಕೆರೆ ಅಂದರೆ ಸಾಕಾಗುತ್ತದೆ. ನಮ್ಮ ಸಾಲಿನ ಮನೆಗಳೆಲ್ಲ ಪಶ್ಚಿಮಕ್ಕೆ, ಅಂದರೆ ಕೆರೆಗೆ ಮುಖ ಮಾಡಿವೆ. ಮನೆಗಳ ಮುಂದೆ ರಸ್ತೆ, ರಸ್ತೆಯಾಚೆ ಮುನಿರಾಜುವಿನ ಅರ್ಧ ಎಕರೆ ಹುಲ್ಲು, ಅದರಾಚೆ ನೀರು. ಹುಲ್ಲಿನ ಬಲಬದಿಗೆ ತಗಡಿನ ಬೇಲಿ ಹಾಕಿದ, ನೀರಿನವರೆಗೆ ತಲುಪದ ದೊಡ್ಡ ಜಮೀನು. ಅದನ್ನು ಒಂದು ಬಿಲ್ಡರ್ ಕಂಪನಿ ಕೊಂಡುಕೊಂಡು ಸುಮಾರು ಕಾಲವಾಯಿತು. ಅಲ್ಲಿ ಕೆರೆ ದಂಡೆಯ ಅಪಾರ್ಟ್‌ಮೆಂಟು ಎದ್ದೇಳಲಿದೆ ಎಂದು ಪೇಪರಿನ ಜೊತೆ ಹೊಳೆಯುವ ಕರಪತ್ರ ಬಂತು. ಅದರಲ್ಲಿ ನಮ್ಮ ಕೆರೆ ನೀಲಿಯಾಗಿತ್ತು. ಎರಡು ಹಂಸಗಳೂ ಇದ್ದವು.

ನಾನು ಬದುಕಿನ ಬಹುಭಾಗವನ್ನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕಳೆದವನು. ನಮ್ಮ ಮುಖ್ಯ ಉಪಸಂಪಾದಕರು ಹೊಸಬರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದರು: ಯಾರು ಏನು ಅಂದರು ಅಂತ ಬರಿ, ನಿನಗೇನು ಅನ್ನಿಸಿತು ಅಂತ ನಿನ್ನ ಹೆಂಡತಿಗೆ ಹೇಳಿಕೋ. ಮೊದಲ ಭಾಗವನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಎರಡನೆಯ ಭಾಗ ಮರೆತೇಹೋಯಿತು. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೆ, "ಸ್ವಲ್ಪ ಜಾಸ್ತಿ ಅನ್ನೋರೂ ಇರಬಹುದು," ಎನ್ನುತ್ತೇನಂತೆ. "ನಿಮ್ಮನ್ನ ಕೇಳೋ ಬದಲು ಬೀದೀಲಿ ಹೋಗೋರನ್ನ ಕೇಳ್ಬಹುದು," ಎನ್ನುವುದು ನನ್ನ ಹೆಂಡತಿಯ ದೂರು. ಈ ದೂರಿಗೂ ನಾನು ಪ್ರತಿಕ್ರಿಯೆ ನೀಡಿಲ್ಲ.

ಹಂಸಗಳ ಮಾತಿಗೆ ಬಂದರೆ, ನಮ್ಮ ಕೆರೆಯಲ್ಲಿ ನಾನು ಕಂಡಿದ್ದು ಎಮ್ಮೆಗಳನ್ನು. ಆಗ ನಾವು ಪಾಳ್ಯದ ಒಳಗೆ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಮಾಗಡಿ ರಸ್ತೆಯ ಕಾರ್ಖಾನೆಯೊಂದಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಶಾಲೆ ಮುಗಿದ ಮೇಲೆ ಹುಡುಗರೆಲ್ಲ ಕೆರೆಯಲ್ಲಿರುತ್ತಿದ್ದರು. ಈಜು ಕಲಿಯಲು ಭೂತಾಳೆಯ ಬೆಂಡನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ವಾಡಿಕೆ. ಒಣಗಿದ ಬೆಂಡು ಬಹಳ ಹಗುರ, ಎಂಥವನನ್ನೂ ತೇಲಿಸುತ್ತದೆ. ಬೇರೆ ಹುಡುಗರು ಕಲಿತಂತೆಲ್ಲ ಬೆಂಡನ್ನು ಚಿಕ್ಕದು ಮಾಡುತ್ತ ಹೋಗಿ ಕೊನೆಗೆ ಬಿಸಾಡುತ್ತಿದ್ದರು. ನಾನು ಪ್ರತಿ ವರ್ಷ ಇನ್ನೂ ದೊಡ್ಡದನ್ನು ಹುಡುಕುತ್ತಿದ್ದೆ. ಕೊನೆಗೊಂದು ದಿನ ಮುನಿರಾಜು, "ಲೇ, ನೀನು ಈಜೋದು ಕಲೀತಿಲ್ಲ, ಬೆಂಡಿಗೆ ಈಜು ಕಲಿಸ್ತಿದೀಯ," ಎಂದ. ಇವತ್ತಿಗೂ ನನಗೆ ಈಜು ಬರುವುದಿಲ್ಲ. ಕೆರೆಯನ್ನು ದಂಡೆಯ ಮೇಲೆ ನಿಂತು ನೋಡುವುದು ನನಗೆ ಒಗ್ಗಿಹೋಯಿತು.

ಮುನಿರಾಜುವಿನ ತಾಯಿ ಕೆಂಪಮ್ಮ ಆ ದಂಡೆಯ ಮೇಲೇ ಇರುತ್ತಿದ್ದಳು. ಈಗ ಹುಲ್ಲಿರುವ ಜಾಗದಲ್ಲಿ ಆಗ ಸೊಪ್ಪಿನ ಮಡಿಗಳಿದ್ದವು. ಸೊಂಟಕ್ಕೆ ಸೀರೆ ಸಿಕ್ಕಿಸಿ, ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ, ನೀರಿನಲ್ಲಿರುವ ನಮ್ಮನ್ನು ಒಂದೇ ಸಮನೆ ಬೈಯುತ್ತಿದ್ದಳು. ಬೈಗುಳ ನಿಂತರೆ ನಾವು ತಿರುಗಿ ನೋಡುತ್ತಿದ್ದೆವು. ಅವಳು ಊಟಕ್ಕೆ ಕೂತಿದ್ದಾಳೆಂದು ಅರ್ಥ. ಕೆರೆಯ ಮೀನಿನ ಸಾರು, ಮುದ್ದೆ. ಮೀನು ತಿನ್ನುವಾಗ ಯಾರು ಮಾತಾಡಿಸಿದರೂ ಅವಳು ಉತ್ತರ ಕೊಡುತ್ತಿರಲಿಲ್ಲ. ಮುಳ್ಳಿನ ಭಯಕ್ಕಲ್ಲ, ಗಮನಕ್ಕೆ.

ಅವಳು ತೀರಿಕೊಂಡಾಗ ಈ ಕಡೆಗೆಲ್ಲ ಇನ್ನೂ ಹಳ್ಳಿಯ ಲೆಕ್ಕವೇ ಇತ್ತು. ಹೊಲವಿದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಕೆಂಪಮ್ಮನನ್ನೂ ನೀರಿಗೆ ಹತ್ತಿರವಾಗಿ, ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿ, ಮೇಲೆ ಇಟ್ಟಿಗೆ ಗಾರೆಯ ಸಣ್ಣ ಗುಡ್ಡೆ ಕಟ್ಟಿದರು. ಸೊಪ್ಪು ಬೆಳೆಯುವವರು ಇಲ್ಲವಾದರು. ಮುನಿರಾಜು ಶಾಮಿಯಾನದ ವ್ಯಾಪಾರಕ್ಕೆ ಇಳಿದ, ಅವ್ವನ ಹೆಸರಿಟ್ಟ. ಹೀಗಾಗಿ ಗೋವಿಂದರಾಜನಗರದಿಂದ ಕೆಂಗೇರಿಯವರೆಗೆ ಮದುವೆ, ನಾಮಕರಣ, ತಿಥಿಗಳಲ್ಲಿ ಜನ ಕೆಂಪಮ್ಮನಿಗೆ ಒರಗಿಕೊಂಡು ಕೂರುತ್ತಾರೆ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ದಿನ ಅವನ ಮನೆಯವರು ಆ ಗುಡ್ಡೆಯ ಪಕ್ಕ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ತೀರಿಕೊಂಡವಳಿಗೆ ಇಷ್ಟವಾಗಿದ್ದನ್ನು ಎಲೆಯಲ್ಲಿ ಬಡಿಸಿ ಎಡೆ ಇಡುತ್ತಾರೆ. ಮನೆಯಲ್ಲಿ ಮಾಡಿ ತಂದಿಡುವ ಹಾಗಿಲ್ಲ. ಅವಳ ಮುಂದೆಯೇ ಒಲೆ ಹೊತ್ತಬೇಕು, ಸಾರು ಅಲ್ಲೇ ಕುದಿಯಬೇಕು. ಅದು ಅವರ ಪದ್ಧತಿ.

ಹೋದ ವರ್ಷ ಹಬ್ಬದ ದಿನ ನಾನು ಕೆಂಗೇರಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ನಡೆದದ್ದನ್ನು ಆಮೇಲೆ ಕೇಳಿದ್ದು. ಮೀನಿನ ವಾಸನೆ, ಹೊಗೆ ಎಂದು ನಮ್ಮ ಸಾಲಿನ ಯಾರೋ ಬಡಾವಣೆಯ ಸಂಘಕ್ಕೆ ಫೋನ್ ಮಾಡಿದರು. ಸಂಘದ ಇಬ್ಬರು ಬಂದು, ವಾಸದ ಮನೆಗಳ ಎದುರು ಹೀಗೆಲ್ಲ ಒಲೆ ಹಚ್ಚುವಂತಿಲ್ಲ ಎಂದು ಹೇಳಿ, ಬಕೆಟ್ ನೀರನ್ನು ಒಲೆಗೆ ಸುರಿದರು. ಮುನಿರಾಜು ಜಗಳವಾಡಲಿಲ್ಲ. ಅರ್ಧ ಬೆಂದ ಸಾರಿನ ಪಾತ್ರೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ಹೋದ. ಕೆಂಪಮ್ಮನ ಎಲೆಗೆ ಆ ವರ್ಷ ಕಾಯಿ, ಬಾಳೆಹಣ್ಣು ಮಾತ್ರ.

ಈ ಹಿನ್ನೆಲೆಯಲ್ಲಿ ಕರಪತ್ರ ಬಂತು. ಅದರ ಬೆನ್ನಿಗೇ ಕಂಪನಿಯವರು ಸಾರ್ವಜನಿಕರ ಅಭಿಪ್ರಾಯ ಕೇಳಲು ಒಂದು ಬೆಳಿಗ್ಗೆ ತಗಡಿನ ಬೇಲಿಯ ಒಳಗೆ ಶಾಮಿಯಾನ ಹಾಕಿಸಿದರು. ಹಾಕಿದವನು ಮುನಿರಾಜುವೇ. ಕುರ್ಚಿಗಳನ್ನು ಕೆರೆಯ ಕಡೆ ಮುಖ ಮಾಡಿ ಸಾಲಾಗಿ ಜೋಡಿಸಿದ್ದ. ಬಾದಾಮಿ ಹಾಲು, ಮೆಣಸಿನಕಾಯಿ ಬಜ್ಜಿ ಇದ್ದವು. ಗಾಜಿನ ಪೆಟ್ಟಿಗೆಯೊಳಗೆ ಇಡೀ ಯೋಜನೆಯ ಪುಟ್ಟ ಮಾದರಿ. ಬಂದವರೆಲ್ಲ ಅದರ ಸುತ್ತ ನಿಂತು ಮೊದಲು ತಮ್ಮ ತಮ್ಮ ಮನೆಗಳನ್ನು ಹುಡುಕಿದರು. ನಮ್ಮ ಸಾಲಿನ ಮನೆಗಳನ್ನು ಬೂದು ಬಣ್ಣದ ಸಣ್ಣ ಡಬ್ಬಿಗಳಾಗಿ ತೋರಿಸಿದ್ದರು. ಇದರಿಂದ ಕೆಲವರಿಗೆ ಆಗಲೇ ಬೇಸರವಾಗಿತ್ತು.

ಗೋವಿಂದರಾಜನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ನಮ್ಮ ಬೀದಿಯಲ್ಲಿ ಎರಡು ಸೈಟು ಮಾಡಿಕೊಂಡಿರುವ ಪುಟ್ಟಸ್ವಾಮಿ ಬಹಳ ಉತ್ಸಾಹದಲ್ಲಿದ್ದರು. "ಬರ್ಲಿ ಸಾರ್, ಬರ್ಲಿ! ನಮ್ ಏರಿಯಾ ರೇಟೂ ಮೇಲೆ ಹೋಗುತ್ತೆ. ಕೆರೆ ಇದ್ದು ಏನು ಉಪಯೋಗ, ಸೊಳ್ಳೆ ಸಾಕೋಕಾ?" ಬಾಡಿಗೆಗಿರುವ ಒಬ್ಬ ಆಟೋ ಚಾಲಕ, "ರೇಟು ಮೇಲೆ ಹೋದ್ರೆ ನಾವೂ ಮೇಲೆ ಹೋಗ್ಬೇಕಾಗುತ್ತೆ ಅಣ್ಣ, ಬಾಡಿಗೆ ಕಟ್ಟೋಕಾಗದೆ," ಎಂದು ಬಜ್ಜಿ ತಿನ್ನುತ್ತಲೇ ಹೇಳಿದ. ನಮ್ಮ ಪಕ್ಕದ ಮನೆಯ ವಸಂತಾ ಆಂಟಿ ಬೆಳಗಿನ ನಗೆಕೂಟದ ಸದಸ್ಯೆ. "ನಾವು ದಂಡೆ ಮೇಲೆ ನಗೋಕೆ ಜಾಗ ಬಿಡ್ತೀರಾ?" ಎಂದು ಅವರು ಗಂಭೀರವಾಗಿ ಕೇಳಿದರು.

ಕಂಪನಿಯ ಪರವಾಗಿ ರೂಪಾ ಎಂಬ ಹೆಣ್ಣುಮಗಳು ಎಲ್ಲರಿಗೂ ತಾಳ್ಮೆಯಿಂದ ಉತ್ತರಿಸುತ್ತಿದ್ದಳು. ಮಂಡ್ಯ ಕಡೆಯ ಮಾತು. ಮುನಿರಾಜು ಕೈಯೊರೆಸಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬಗ್ಗಿದ. ಅವನ ಅರ್ಧ ಎಕರೆ ಮಾದರಿಯಲ್ಲಿ ಹಸಿರು ಹುಲ್ಲುಹಾಸಾಗಿತ್ತು. ಅದರ ಮೇಲೆ ಬಿಳಿ ಬಟ್ಟೆಯ ಗೊಂಬೆಗಳು ಪದ್ಮಾಸನ ಹಾಕಿ ಕೂತಿದ್ದವು.

"ಮೇಡಂ, ಇದು ನಮ್ ಜಾಗ ಅಲ್ವಾ?"

"ಹೌದು ಸಾರ್. ಅದು ನಮಗೆ ಸಿಕ್ಕಿದ್ರೆ ಧ್ಯಾನದ ಗಾರ್ಡನ್ ಮಾಡ್ತೀವಿ. ನೀವು ಕೊಡ್ಲಿಲ್ಲ ಅಂದ್ರೆ ನಮ್ ಬಿಲ್ಡಿಂಗ್‌ನಿಂದ ನೀರಿಗೆ ದಾರೀನೇ ಇಲ್ಲ."

"ಇಲ್ಲಿ ನಮ್ಮವ್ವನ ಗುಡ್ಡೆ ಇದೆ. ಕಾಣ್ತಿಲ್ಲ."

"ಅದನ್ನ ಶಿಫ್ಟ್ ಮಾಡ್ಬಹುದು ಸಾರ್."

"ಗುಡ್ಡೆನಾ, ಅವ್ವನ್ನಾ?"

ರೂಪಾಳ ಮುಖದಲ್ಲಿ ಏನೋ ಹಾದುಹೋಯಿತು. ಏನೆಂದು ನಾನು ದೃಢಪಡಿಸಲಾರೆ. "ಅಮಾಸೆ ಹಬ್ಬ ಮುಗೀಲಿ ಸಾರ್, ಆಮೇಲೆ ಹೇಳಿ," ಎಂದಷ್ಟೇ ಅಂದಳು.

ಮುನಿರಾಜು ಮಾರುವುದೇ ಇಲ್ಲ ಎಂದು ಹಟ ಹಿಡಿದವನೇನಲ್ಲ. ಅವತ್ತು ಸಂಜೆ ತಾರಸಿಯ ಮೇಲೆ ಕೂತು ಹೇಳಿದ: "ದುಡ್ಡು ಯಾರಿಗೆ ಬೇಡ ಹೇಳು. ಮೂಡಲಪಾಳ್ಯದಲ್ಲಿ ಗೋಡೌನಿಗೆ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಅವ್ವನಿಗೆ ಒಂದು ಎಡೆ ಇಡೋಕೆ ಬಿಡಲ್ಲ ಅಂದ್ಮೇಲೆ ಆ ಜಾಗ ಇಟ್ಕೊಂಡು ನಾನೇನು ಮಾಡ್ಲಿ? ಮಾರಿದ್ರೂ ಅವ್ವ ಹೋಗ್ತಾಳೆ, ಇಟ್ಕೊಂಡ್ರೂ ಬಾಳೆಹಣ್ಣು ತಿಂತಾಳೆ. ನೀನೇನಂತೀಯ?"

ಎರಡೂ ಕಡೆ ಯೋಚಿಸಬೇಕಾದ ಅಂಶಗಳಿವೆ ಎಂದು ನಾನು ಹೇಳಿದೆ.

"ಥೂ ನಿನ್ನ," ಎಂದ.

ಮುಂದಿನ ಭಾನುವಾರ ಸಂಘದವರ ಸಭೆ. ಅದು ಯೋಜನೆಯನ್ನು ವಿರೋಧಿಸುವ ಸಭೆ. ಸ್ಥಳ ಕೆರೆಯ ದಂಡೆ, ಅಂದರೆ ಮುನಿರಾಜುವಿನ ಹುಲ್ಲಿನ ಅಂಚು. ಕುರ್ಚಿ, ಮೈಕು, ಟೀ ಡ್ರಮ್ಮು ಎಲ್ಲ ಅವನದೇ. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಈ ಸಲ ಕುರ್ಚಿಗಳನ್ನು ತಿರುಗಿಸಿ ಹಾಕಿಸಿದ್ದರು. ಕೆರೆಯನ್ನು ಮಾರುವವರು ಕೆರೆಯನ್ನು ನೋಡುತ್ತ ಕೂತಿದ್ದರು, ಉಳಿಸುವವರು ಅದಕ್ಕೆ ಬೆನ್ನು ಹಾಕಿ ಕೂತರು. ನಾನು ಇದನ್ನು ಟೀಕೆಯಾಗಿ ಹೇಳುತ್ತಿಲ್ಲ. ಬಿಸಿಲು ನಿಜವಾಗಿಯೂ ಜೋರಾಗಿತ್ತು.

ಸಂಘದ ಅಧ್ಯಕ್ಷರು ಶ್ರೀಕಂಠಯ್ಯ, ಬ್ಯಾಂಕಿನಿಂದ ನಿವೃತ್ತರಾದವರು. ಹಿಂದೆ ಪೇಪರಿನಲ್ಲಿದ್ದೆನೆಂಬ ಕಾರಣಕ್ಕೆ ನಡಾವಳಿ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಕೆರೆ ನಮ್ಮ ಉಸಿರು, ಕೆರೆ ನಮ್ಮ ಪರಂಪರೆ, ಕೆರೆಯನ್ನು ಮುಂದಿನ ತಲೆಮಾರಿಗೆ ಉಳಿಸಬೇಕು ಎಂದು ಅವರು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ, "ಇದೆಲ್ಲ ಒಬ್ಬರ ಕೈಲಿದೆ. ಮುನಿರಾಜು ಅವರು ಜಾಗ ಕೊಡದಿದ್ರೆ ಈ ಯೋಜನೆ ಅಲ್ಲಿಗೇ ನಿಲ್ಲುತ್ತೆ," ಎಂದರು. ಎಲ್ಲರೂ ಕತ್ತು ತಿರುಗಿಸಿದರು. ಅವನು ಟೀ ಡ್ರಮ್ಮಿನ ಪಕ್ಕದಲ್ಲಿ ಲೋಟ ಜೋಡಿಸುತ್ತಿದ್ದ.

ಅವರೆಲ್ಲ ಅವನ ಜಮೀನಿನ ಮೇಲೆ, ಅವನ ಕುರ್ಚಿಗಳಲ್ಲಿ ಕೂತು, ಅವನ ಟೀ ಕುಡಿಯುತ್ತ ಅಷ್ಟು ಹೊತ್ತು ಚರ್ಚಿಸಿದ್ದರು. ಅವನನ್ನು ಯಾರೂ ಕೇಳಿರಲಿಲ್ಲ. ಶಾಮಿಯಾನ ಹಾಕುವವನನ್ನು ಸಭೆಗೆ ಕರೆಯುವ ರೂಢಿ ನಮ್ಮಲ್ಲಿಲ್ಲ. ಅವನು ಹೇಗೂ ಬಂದಿರುತ್ತಾನೆ.

ಮುನಿರಾಜು ಮೈಕಿನ ಹತ್ತಿರ ಬಂದ. ಸಭೆಗಳ ಮೈಕನ್ನು ಎಷ್ಟೋ ವರ್ಷ ಸರಿಮಾಡಿದವನು. ಅದರಲ್ಲಿ ಮಾತಾಡಿದ್ದು ಅವತ್ತೇ ಮೊದಲು.

"ಎಲ್ರೂ ಮಾರ್ಬೇಡ ಅಂತೀರಿ. ಸರಿ. ಮಾರ್ಬೇಡ ಅನ್ನೋರು ಕೈ ಎತ್ತಿ."

ಪುಟ್ಟಸ್ವಾಮಿಯವರನ್ನು ಬಿಟ್ಟು ಎಲ್ಲರೂ ಎತ್ತಿದರು.

"ಇಳಿಸ್ಬೇಡಿ, ಇನ್ನೊಂದಿದೆ. ಅಮಾಸೆ ದಿನ ನಾನಿಲ್ಲಿ ಒಲೆ ಹಚ್ಚಿ ನಮ್ಮವ್ವನಿಗೆ ಮೀನ್ ಸಾರು ಮಾಡ್ತೀನಿ. ಪರವಾಗಿಲ್ಲ ಅನ್ನೋರು ಹಂಗೇ ಎತ್ಕೊಂಡಿರಿ."

ಕೈಗಳು ಇಳಿದವು. ಒಟ್ಟಿಗೆ ಅಲ್ಲ, ಒಬ್ಬರು ಕನ್ನಡಕ ಸರಿಮಾಡಿಕೊಂಡರು, ಒಬ್ಬರು ತಲೆ ಕೆರೆದುಕೊಂಡರು, ಹಾಗೆ ದಾರಿಯಲ್ಲಿ ಬೇರೆ ಕೆಲಸ ನೆನಪಾದವರಂತೆ ಇಳಿಸಿದರು. ಶ್ರೀಕಂಠಯ್ಯನವರು ಕೆಮ್ಮಿದರು.

"ಅದು ಬೇರೆ ವಿಷಯ ಮುನಿರಾಜು."

"ನನಗೆ ಎರಡೂ ಒಂದೇ ಸಾರ್."

ಮೊದಲು ಬಾಯಿ ಬಿಟ್ಟವರು ವಸಂತಾ ಆಂಟಿ. "ಅಯ್ಯೋ, ವರ್ಷಕ್ಕೆ ಒಂದು ದಿನ ತಾನೇ! ನಾವು ದಿನಾ ಬೆಳಿಗ್ಗೆ ಹೋ ಹೋ ಅಂತ ನಗೋದನ್ನ ಜನ ಸಹಿಸ್ಕೊಂಡಿಲ್ವಾ? ಮಾಡ್ಕೊಳ್ಳಿ ಬಿಡಿ," ಎಂದು ಕೈ ಎತ್ತಿದರು. ಆಮೇಲೆ ಒಂದು, ಮತ್ತೊಂದು. ಶ್ರೀಕಂಠಯ್ಯನವರು, "ಹೊಗೆ ಸ್ವಲ್ಪ ಕಡಿಮೆ ಇರ್ಲಿ," ಎಂಬ ಷರತ್ತಿನೊಂದಿಗೆ ಮೊಣಕೈವರೆಗೆ ಎತ್ತಿದರು.

ಮುನಿರಾಜು ನನ್ನ ಕಡೆ ತಿರುಗಿದ. "ಏನಯ್ಯಾ ಪೇಪರಿನವನೇ, ನಿಂದೇನು?"

"ನಾನು ನಡಾವಳಿ ಬರೀತಿದ್ದೀನಿ ಕಣೋ."

"ಬಲಗೈಲಿ ತಾನೇ ಬರೀತಿರೋದು? ಎಡಗೈ ಎತ್ತು."

ಸಭೆ ನಕ್ಕಿತು. ನಾನು ಎಡಗೈ ಎತ್ತಿದೆ. ಸಾರ್ವಜನಿಕವಾಗಿ ಒಂದು ಅಭಿಪ್ರಾಯ ಕೊಟ್ಟದ್ದು ಅದೇ ಮೊದಲಿರಬೇಕು. ತೋಳು ಸ್ವಲ್ಪ ನೋಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಒಳ್ಳೇದು ಮಾಡಿದ್ರಿ. ಪಾಪ, ತಾಯಿಗೆ ತಾನೇ," ಎಂದಳು.

ಅಮಾವಾಸ್ಯೆ ಬಂತು. ಹನ್ನೊಂದರ ಹೊತ್ತಿಗೆ ನಾನು ರಸ್ತೆ ದಾಟಿ ಹುಲ್ಲಿಗೆ ಹೋದೆ. ಗುಡ್ಡೆಗೆ ಸುಣ್ಣ ಬಳಿದು, ಸೇವಂತಿಗೆ ಹಾರ ಹಾಕಿದ್ದರು. ಮುನಿರಾಜುವಿನ ಹೆಂಡತಿ ಸಾವಿತ್ರಿ ಮೂರು ಕಲ್ಲಿನ ಮುಂದೆ ಕೂತು ಸೌದೆ ಹೊತ್ತಿಸುತ್ತಿದ್ದಳು. ರಾತ್ರಿ ಮಳೆ ಬಿದ್ದಿದ್ದರಿಂದ ಸೌದೆ ಹಸಿ. ಹೊಗೆ ಕಡಿಮೆ ಇರಲಿ ಎಂಬ ಷರತ್ತು ಆಗಲೇ ಮುರಿದುಬಿದ್ದಿತ್ತು. ಗಾಳಿ ಕೆರೆಯಿಂದ ಮನೆಗಳ ಕಡೆಗೇ ಬೀಸುತ್ತಿತ್ತು. ಮಸಾಲೆ ಕುದಿಯತೊಡಗಿದಾಗ ಹುಣಸೆ, ಮೆಂತ್ಯ, ಮೀನು ಎಲ್ಲ ಸೇರಿದ ವಾಸನೆ ಎದ್ದು ರಸ್ತೆ ದಾಟಿತು.

ಶ್ರೀಕಂಠಯ್ಯನವರು ವಾಕಿಂಗ್ ಶೂ ಹಾಕಿಕೊಂಡು ದಂಡೆಯ ಮೇಲೆ ಬಂದರು. ನಿಂತರು.

"ಇವತ್ತೇನಾ?"

"ಇವತ್ತೇ ಸಾರ್. ಬನ್ನಿ, ಪಾಯಸಾನೂ ಇದೆ."

"ಇಲ್ಲ, ಇಲ್ಲ. ನಡೀಲಿ ನಿಮ್ದು," ಎಂದು ಕರವಸ್ತ್ರ ತೆಗೆದು, ಮೂಗಿಗೆ ಒತ್ತಬೇಕೋ ಬೇಡವೋ ಎಂದು ನಿರ್ಧರಿಸಲಾಗದೆ ಹಣೆ ಒರೆಸಿಕೊಂಡು ಹೋದರು.

ನಾನೂ ಮುನಿರಾಜುವೂ ಹೊಂಗೆಯ ನೆರಳಿನಲ್ಲಿ ನಿಂತು ಮನೆಗಳ ಸಾಲನ್ನು ನೋಡಿದೆವು. ಮೊದಲು ತುದಿಯ ಮನೆಯ ಮೇಲಿನ ಕಿಟಕಿ ಮುಚ್ಚಿತು. ಅದರ ಪಕ್ಕದ್ದು. ಒಂದು ಮನೆಯ ಬಾಲ್ಕನಿಯಲ್ಲಿ ಒಣಗಹಾಕಿದ್ದ ಬಟ್ಟೆಗಳು ಸರಸರನೆ ಒಳಗೆ ಹೋದವು. ವಸಂತಾ ಆಂಟಿ ತಮ್ಮ ಕಿಟಕಿಯಿಂದ ನಮಗೆ ಕೈಬೀಸಿದರು. ಬೀಸಿ, ಅವರೂ ಮುಚ್ಚಿದರು. ಆಮೇಲೆ ಅವರ ಪಕ್ಕದ ಮನೆ.

"ನಿಮ್ಮನೇದೂ ಮುಚ್ತು ಕಣೋ," ಎಂದ ಮುನಿರಾಜು.

"ಕಂಡೆ," ಎಂದೆ.

ಇದಕ್ಕೆ ಸಂಬಂಧಪಟ್ಟವರ ಪ್ರತಿಕ್ರಿಯೆಯನ್ನು ನಾನು ಇನ್ನೂ ಪಡೆದಿರಲಿಲ್ಲ. ಸಭೆಯಲ್ಲಿ ಎತ್ತಿದ ಕೈಗಳು ಸುಳ್ಳಾಗಿರಲಿಲ್ಲ ಎಂದು ಈಗಲೂ ನನಗನ್ನಿಸುತ್ತದೆ. ಆದರೆ ಅಂದು ಗಾಳಿ ಇರಲಿಲ್ಲ, ಒಲೆಯೂ ಇರಲಿಲ್ಲ. ಮುನಿರಾಜು ಈಗ ಏನು ತೀರ್ಮಾನಿಸುತ್ತಾನೆ ಎಂದು ನನಗೆ ಗೊತ್ತಾಗಲಿಲ್ಲ. ಅವನ ಜಾಗದಲ್ಲಿ ಬೇರೆಯವರಿದ್ದರೆ ಅಲ್ಲಿಂದಲೇ ರೂಪಾಗೆ ಫೋನ್ ಮಾಡುತ್ತಿದ್ದರು.

ಅವನು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಸೌದೆಯನ್ನು ಒಳಗೆ ತಳ್ಳಿ, ಊದಿ, ಕಣ್ಣು ಒರೆಸಿಕೊಂಡ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರಿತ್ತು.

"ಹೋದ್ ವರ್ಷ ಬಂದು ಒಲೆಗೆ ನೀರು ಹಾಕಿದ್ರು. ಈ ವರ್ಷ ಅವರವರ ಕಿಟಕಿ ಅವರವರು ಮುಚ್ಕೊಂಡ್ರು. ಅಷ್ಟು ಸಾಕಲ್ವೇನೋ?" ಎಂದ. "ಕಿಟಕಿ ಅವರ್ದು, ಒಲೆ ನಮ್ದು. ನಾಳೆ ಆ ಮೇಡಂಗೆ ಆಗಲ್ಲ ಅಂತ ಹೇಳ್ತೀನಿ. ಗೋಡೌನಿಗೆ ಬಾಡಿಗೆ ಕಟ್ಕೊಂಡೇ ಸಾಯ್ತೀನಿ ಬಿಡು."

"ಸಾಯೋ ಮಾತು ಆಡ್ಬೇಡಿ ಹಬ್ಬದ ದಿನ," ಎಂದಳು ಸಾವಿತ್ರಿ. "ಎಲೆ ಹಾಕಿ, ಸಾರು ಆಯ್ತು."

ಬಾಳೆಎಲೆ ಹಾಸಿದರು. ಮುದ್ದೆ, ಪಾಯಸ, ವಡೆ ಇಟ್ಟರು. ಮುನಿರಾಜು ಪಾತ್ರೆಯೊಳಗೆ ಸೌಟು ಆಡಿಸಿ ತಲೆಯ ತುಂಡನ್ನು ಹುಡುಕಿ ತೆಗೆದ. ಕೆಂಪಮ್ಮ ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲವಂತೆ. ನಮ್ಮ ಕೆರೆಯ ನೀರಿನಲ್ಲಿ ತಿನ್ನುವಂಥ ಮೀನು ಈಗ ಇಲ್ಲ. ಇದನ್ನು ಅವನು ಬೆಳಿಗ್ಗೆ ಬೇಗನೆ ಎದ್ದು ಪೇಟೆಗೆ ಹೋಗಿ ತಂದಿದ್ದ. ತುಂಡನ್ನು ಎಲೆಯ ನಡುವೆ ಇಟ್ಟು, ಸಾರು ಹರಿಯದಂತೆ ಮುದ್ದೆಯನ್ನು ಅಡ್ಡ ಸರಿಸಿ, ಗುಡ್ಡೆಯ ಕಡೆ ಬಗ್ಗಿ, ಪಕ್ಕದಲ್ಲಿ ಕೂತವರೊಡನೆ ಮಾತಾಡುವ ದನಿಯಲ್ಲೇ ಹೇಳಿದ:

"ಮಾರ್ಕೆಟ್ ಮೀನು ಕಣವ್ವಾ, ಬೈಬೇಡ. ಜಾಗ ಮಾತ್ರ ನಿಂದೇ."